ಮಾವನಿಗೆ ಮತ್ತೆ ಮತ್ತೆ ಸಿಕ್ಕಿದ ಟ್ರಂಕು

ಬೇರೆಯವರ ಕೊಡೆ, ಚಪ್ಪಲಿ, ಕನ್ನಡಕಗಳನ್ನು ನನ್ನ ಸೋದರಮಾವನಷ್ಟು ಕೂಡಿಹಾಕಿದವರು ಇಡೀ ಮೈಸೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಪೊಲೀಸರು ಅವರ ತಂಟೆಗೆ ಬರಲಿಲ್ಲ! ಏಕೆಂದರೆ ಅದೇ ಅವರ ನೌಕರಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಓದುತ್ತಿದ್ದ ಸರ್ಕಾರಿ ಕಾಲೇಜಿನಲ್ಲಿ ಅವರು ಗುಮಾಸ್ತರು. ಹುಡುಗರು ಮರೆತುಹೋದ, ಬಿಟ್ಟುಹೋದ ಸಾಮಾನೆಲ್ಲ ಅವರ ಬೀರುವಿಗೆ.

ಬೀರುವಿನೊಳಗೆ ಹೋಗುವುದು ಸುಲಭ, ಹೊರಗೆ ಬರುವುದು ಬ್ರಹ್ಮವಿದ್ಯೆ. ಕೊಡೆ ಕೇಳಲು ಬಂದವನಿಗೆ, "ಎಷ್ಟು ಕಡ್ಡಿ ಐತೆ?" ಎನ್ನುತ್ತಿದ್ದರು.

"ಕೊಡೆ ಕಡ್ಡಿ ಯಾರು ಎಣಿಸ್ತಾರೆ ಸಾರ್?"

"ಅದರ ಯಜಮಾನ ಎಣಿಸ್ತಾನೆ."

ಅನ್ಯಾಯ ಎನ್ನಬೇಡಿ, ತಮಗೂ ಅದೇ ಕಾನೂನು. ಒಮ್ಮೆ ಅವರು ಲೈಬ್ರರಿಯಲ್ಲಿ ಮರೆತ ಕನ್ನಡಕವನ್ನು ಜವಾನ ತಂದು ಬೀರುವಿಗೆ ಹಾಕಿದ. ಮಾವ ನಿಯಮದಂತೆ ತಮಗೇ ಅರ್ಜಿ ಬರೆದುಕೊಂಡರು. ಓದಲು ಕನ್ನಡಕವಿಲ್ಲದೆ ಅರ್ಜಿ ಎರಡು ದಿನ ಮೇಜಿನ ಮೇಲೇ ಬಿದ್ದಿತ್ತು. "ಮದುವೆ ಮನೇಲಿ ನನ್ನನ್ನ ಮರೆತು ಬಂದ್ರೂ ಇವರು ಅರ್ಜಿ ಬರ್ಕೊಂಡು ಕೂರೋರೇ ಕಣೋ," ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಇಂಥ ಮನುಷ್ಯ ಒಂದೇ ಒಂದು ಟ್ರಂಕಿನ ವಿಷಯದಲ್ಲಿ ಕಳ್ಳಾಟ ಆಡುತ್ತಿದ್ದರು. ವರ್ಷ ತುಂಬಿದ ಸಾಮಾನು ಹರಾಜಿಗೆ ಹೋಗಬೇಕಷ್ಟೆ? ತುಂಬುವ ಹಿಂದಿನ ದಿನ ಆ ಟ್ರಂಕಿನೊಳಗಿನ ಬೇವಿನ ಸೊಪ್ಪು ಬದಲಿಸಿ, ತಾವೇ ವೆರಾಂಡಕ್ಕೆ ಎಳೆದಿಟ್ಟು ಒಳಗೆ ಹೋಗುತ್ತಿದ್ದರು. ಮತ್ತೆ ಹೊರಬಂದು, "ಅಯ್ಯೋ, ಯಾರ್ದಪ್ಪ ಇದು?" ಎಂದು ಅವತ್ತೇ ಸಿಕ್ಕಿದ ಸಾಮಾನೆಂದು ಬರೆದುಕೊಳ್ಳುತ್ತಿದ್ದರು. ಎರಡನೆಯ ವರ್ಷ ನನ್ನ ಕಣ್ಣಿಗೆ ಸಿಕ್ಕಿಬಿದ್ದರು.

"ಇದೇನ್ ಮಾವ?"

"ಮಂಡಕಳ್ಳಿ ಹುಡುಗನ್ದು ಕಣೋ. ಹಾಸ್ಟೆಲ್‌ನಲ್ಲಿದ್ದ. ಅಪ್ಪ ತೀರ್ಕೊಂಡ್ರು, ಓದು ಬುಟ್ಟು ಹೊಲಕ್ಕೋದ. ಇದನ್ನ ಮಾರಿದ್ರೂ, ಮನೆಗೆ ಕಳಿಸಿದ್ರೂ, ನೀನಿನ್ನು ಬರಬೇಡ ಅಂತ ನಾವೇ ಹೇಳ್ದಂಗೆ."

ಟ್ರಂಕು ಮೂರನೆಯ ಸಲ 'ಸಿಕ್ಕಿದ' ಮೇಲೆ ಆ ಹುಡುಗ ಬಂದ, ಮತ್ತೆ ಕಾಲೇಜಿಗೆ ಸೇರಲು. ನಾನು ಅಲ್ಲೇ ಇದ್ದೆ. ಮಾವ ಎಂದಿನಂತೆ ಗಂಟಲು ಸರಿಮಾಡಿಕೊಂಡರು.

"ಒಳಗೇನೇನೈತೆ?"

"ಮರ್ತೋಯ್ತು ಸಾರ್," ಎಂದು ಅವನು ತಲೆ ತಗ್ಗಿಸಿದ.

ಕೊಡೆಯ ಕಡ್ಡಿಯನ್ನೇ ಬಿಡದ ಮನುಷ್ಯ ಇವರು! ಮಾವ ಟ್ರಂಕನ್ನು ಅವನ ಕಡೆ ಮೆಲ್ಲಗೆ ತಳ್ಳಿದರು.

"ಎರಡು ಲೆಕ್ಕದ ಪುಸ್ತಕ, ಒಂದು ಕಂಬಳಿ, ನಿಮ್ಮಪ್ಪ ಬರೆದಿದ್ದ ಏಳು ಕಾಗದ. ಸರೀನಾ?"

ಹುಡುಗ ತಲೆಯಾಡಿಸಿದ.

"ಗುರುತು ಸರಿಯಾಗಿ ಹೇಳ್ದೆ ಕಣಪ್ಪ," ಎಂದರು ಮಾವ. "ತಗೊಂಡೋಗು."