ಹೂಕೋಸು ಗುರುತಿನ ಗಂಡ

ಕೆಲವು ಮನೆಗಳಲ್ಲಿ ಗಂಡಂದಿರಿಗೆ ಮದುವೆಯ ದಿನವೇ ಮರೆತುಹೋಗುತ್ತದಂತೆ. ನಮ್ಮ ಮನೆಯವರಿಗೆ ಮರೆತಿಲ್ಲ. ಆದರೆ ಅವರು ಅದನ್ನು ಮದುವೆಯ ದಿನ ಎಂದು ನೆನಪಿಟ್ಟುಕೊಂಡಿಲ್ಲ, ವಿಧಾನಸಭೆ ಅವಧಿಗೆ ಮುಂಚೆಯೇ ವಿಸರ್ಜನೆಯಾದ ವಾರ ಎಂದು ಇಟ್ಟುಕೊಂಡಿದ್ದಾರೆ. ಮಗಳು ಹುಟ್ಟಿದ್ದು ಮರುಎಣಿಕೆ ನಡೆದ ವರ್ಷ. ನನಗೆ ಟೈಫಾಯಿಡ್ ಆಗಿದ್ದು ಯಾರೋ ಹಾಲಿ ಶಾಸಕರು ಸೋತಾಗ. ಆಗ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ನನ್ನ ಹಣೆ ಮುಟ್ಟಿ ನೋಡಿ, "ಜ್ವರದ ಲೀಡು ಕಮ್ಮಿಯಾಗೈತೆ ಕಣೇ" ಎಂದಿದ್ದರು. ನರ್ಸಮ್ಮ ಥರ್ಮಾಮೀಟರ್ ಹಿಡಿದುಕೊಂಡೇ ಆಚೆ ಹೋಗಿ ನಕ್ಕು ಬಂದಳು.

ನಮ್ಮ ಮನೆಯವರು, ಮಹಾರುದ್ರಪ್ಪನವರು, ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಇಲಾಖೆಯ ಕಡತಗಳು ಅವರ ತಲೆಯಲ್ಲಿ ಎಷ್ಟಿದ್ದವೋ ಕಾಣೆ, ಚಿತ್ರದುರ್ಗ ಕ್ಷೇತ್ರದ ಚುನಾವಣೆಗಳ ಇತಿಹಾಸ ಮಾತ್ರ ಇಡಿಯಾಗಿ ಅಲ್ಲೇ ಇತ್ತು. ಗೆದ್ದವರ ಹೆಸರನ್ನು ಯಾರು ಬೇಕಾದರೂ ಹೇಳುತ್ತಾರೆ. ಇವರಿಗೆ ಗೋಡೆಯ ಮೇಲೆ ಚಿಹ್ನೆ ಬರೆಯುತ್ತಿದ್ದವನು ಯಾರು, ಜೀಪಿನಲ್ಲಿ ಮೈಕು ಹಿಡಿದು ಕೂಗುತ್ತಿದ್ದವನು ಯಾರು, ಎಣಿಕೆಯ ದಿನ ಮೂರ್ಛೆ ಹೋದವನು ಯಾರು, ಎಲ್ಲ ಗೊತ್ತು. ಕ್ಷೇತ್ರ ಮರುವಿಂಗಡಣೆಯಾಗಿ ಒಂದಷ್ಟು ಹಳ್ಳಿಗಳು ಅತ್ತಿಂದಿತ್ತ ಆದಾಗಲಂತೂ ಮನೆಯಲ್ಲಿ ಸೂತಕದ ವಾತಾವರಣ. "ನಮ್ಮ ಹಳ್ಳಿಗಳನ್ನ ಹೊಳಲ್ಕೆರೆಗೆ ಕೊಟ್ಟುಬಿಟ್ರಲ್ಲೇ" ಎಂದು, ಹೆಣ್ಣು ಒಪ್ಪಿಸಿ ಬಂದ ತಂದೆಯಂತೆ ಊಟ ಬಿಟ್ಟು ಕೂತಿದ್ದರು. ನಾನು ಪ್ರೌಢಶಾಲೆ ಮೇಡಂ ಆಗಿ ದಿನಾ ಹೋಗಿ ಬರುವುದು ಅದೇ ಹೊಳಲ್ಕೆರೆಗೆ. ಅಷ್ಟು ವರ್ಷ ನನ್ನನ್ನು ಬಸ್ಸು ಹತ್ತಿಸುವಾಗ ಅವರ ಕಣ್ಣಲ್ಲಿ ಅಂಥ ದುಃಖ ಕಂಡಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಸ್ವಲ್ಪ ಸೊರಗಿದರು. ಫೋನು ರಿಂಗಾದರೆ ಓಡಿಬಂದು ಎತ್ತುವರು, ಅದು ಗ್ಯಾಸಿನವನದೇ ಆಗಿರುತ್ತಿತ್ತು. ಬೆಳಿಗ್ಗೆ ಗಾಂಧಿ ವೃತ್ತದ ಹತ್ತಿರದ ಟೀ ಅಂಗಡಿಯಲ್ಲಿ ಕೂತು ಇತಿಹಾಸ ಹೇಳುವುದೊಂದೇ ಉಳಿದಿತ್ತು. ಕಳೆದ ಚುನಾವಣೆ ಘೋಷಣೆಯಾದಾಗ ಅವರ ಗೆಳೆಯ ಕರಿಬಸಪ್ಪ ಎಂಬ ಪುಣ್ಯಾತ್ಮ, "ಏನಪ್ಪ ಮಾರುದ್ರಪ್ಪ, ನಿಂತೋರ ಕತೆ ಹೇಳಿ ಹೇಳಿ ನಿನಗೂ ವಯಸ್ಸಾತು. ನೀನೇ ಒಂದ್ಸಲ ನಿಂತು ನೋಡು" ಎಂದನಂತೆ. ಇವರು ಮನೆಗೆ ಬಂದವರೇ ನಡುಮನೆಯಲ್ಲಿ ನಿಂತರು.

"ನಾನು ನಿಲ್ತೀನಿ."

"ಯಾಕ್ರಿ, ಕುಂತ್ಕಳ್ರಿ. ಕುರ್ಚಿ ಖಾಲಿ ಐತೆ."

"ಅದಲ್ಲ ಕಣೇ. ಎಲೆಕ್ಷನ್‌ಗೆ ನಿಲ್ತೀನಿ."

ನನ್ನ ಬಾಯಿಗೆ ಬಂದ ಮಾತುಗಳನ್ನು ಹೇಳಿದ್ದರೆ ಅವರು ಆಗಲೇ ನಾಮಪತ್ರ ಹಿಂತೆಗೆದುಕೊಳ್ಳುತ್ತಿದ್ದರು. ಆದರೆ ಅವರ ಮುಖ ನೋಡಿದೆ. ಸಂಬಂಧ ನೋಡಲು ನಮ್ಮ ಮನೆಗೆ ಬಂದಾಗ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ಹುಡುಗನ ಮುಖದ ಹಾಗೇ ಇತ್ತು, ಒಪ್ಪುತ್ತಾಳೋ ಇಲ್ಲವೋ ಎಂಬ ಹಾಗೆ. ಆವತ್ತೂ ನನಗೆ ಇಲ್ಲ ಎನ್ನಲು ಆಗಿರಲಿಲ್ಲ. "ಬಿಸಿಲು ಜಾಸ್ತಿ ಐತೆ, ಟೋಪಿ ಹಾಕ್ಕಂಡು ಓಡಾಡ್ರಿ" ಎಂದೆ.

ಪಕ್ಷೇತರರಿಗೆ ಚಿಹ್ನೆ ಹಂಚುವ ದಿನ ಇವರು ಕೇಳಿದ್ದು ಕುಕ್ಕರು. ಅದನ್ನು ಇನ್ನೊಬ್ಬರೂ ಕೇಳಿ, ಚೀಟಿ ಎತ್ತಿ, ಕುಕ್ಕರು ಅವರ ಪಾಲಾಯಿತು. ಇವರ ಪಾಲಿಗೆ ಬಂದದ್ದು ಹೂಕೋಸು. ಹುಳ ಇರುತ್ತದೆಂದು ಮದುವೆಯಾದಾಗಿನಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದ ತರಕಾರಿಯನ್ನು ಎದೆಗೆ ಅವಚಿಕೊಂಡು ಫೋಟೋ ತೆಗೆಸಿಕೊಂಡರು. ದಾವಣಗೆರೆಯಲ್ಲಿರುವ ಮಗಳು ಫೋನ್ ಮಾಡಿ, "ಅಪ್ಪಾ, ಗೆದ್ರೆ ಗೋಬಿ ಮಂಚೂರಿ ಫ್ರೀನಾ?" ಎಂದು ನಗಲು ಶುರು ಮಾಡಿದವಳು ಫೋನ್ ಇಡುವ ತನಕ ನಿಲ್ಲಿಸಲಿಲ್ಲ.

ನನ್ನ ಕಷ್ಟ ಬೇರೆ. ನಾನು ಸರ್ಕಾರಿ ನೌಕರಳು. ಗಂಡನ ಪರ ಒಂದು ಮಾತಾಡುವ ಹಾಗಿಲ್ಲ, ಕರಪತ್ರ ಮುಟ್ಟುವ ಹಾಗಿಲ್ಲ. ಪ್ರಚಾರಕ್ಕೆಂದು ತಂದ ಹೂಕೋಸುಗಳು ಸಂಜೆ ಬಾಡಿ ಮನೆಗೆ ಬರುತ್ತಿದ್ದವು, ಎಸೆಯಲು ಮನಸ್ಸಿಲ್ಲದೆ ಪಲ್ಯ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಡಬ್ಬಿ ತೆಗೆದಾಗ ನಮ್ಮ ಹೆಡ್‌ಮಾಸ್ಟರು ಗಾಬರಿಯಿಂದ ಎದ್ದು ಬಂದರು.

"ಮೇಡಂ, ಡಬ್ಬಿ ಮುಚ್ರಿ ಮೊದ್ಲು! ನೀತಿ ಸಂಹಿತೆ ಜಾರಿ ಆಗೈತೆ."

"ಸಾರ್, ಇದು ಪಲ್ಯ."

"ನನಗೂ ಕಾಣ್ತೈತೆ ಮೇಡಂ. ಆದ್ರೆ ನೀವು ದಿನಾ ಎಲ್ಲರಿಗೂ ಒಂದೊಂದು ಚಮಚ ಹಂಚ್ತೀರಲ್ಲ, ಅದಕ್ಕೇನಂತಾರೆ?"

ಚುನಾವಣೆ ಮುಗಿಯುವವರೆಗೂ ನಾನು ಮೊಸರನ್ನ ತಿಂದೆ.

ಇವರು ಮಾತ್ರ ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ದೊಡ್ಡ ಪಕ್ಷಗಳವರು ತಮಟೆ ಬಡಿಸಿಕೊಂಡು ಒಂದು ಬೀದಿ ಮುಗಿಸುವಷ್ಟರಲ್ಲಿ ಇವರು ಒಂದು ಮನೆಯ ಜಗಲಿಯನ್ನೂ ಮುಗಿಸುತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಾಗಿದ್ದು ಒಂದು ಭಾನುವಾರ ಸಂತೆ ಹೊಂಡದ ಹತ್ತಿರ ಸೊಪ್ಪು ಆರಿಸುತ್ತಿದ್ದಾಗ. ದೊಡ್ಡಪೇಟೆಯ ತಿಮ್ಮಕ್ಕಜ್ಜಿ ಬಂದು ನನ್ನ ಕೈ ಹಿಡಿದುಕೊಂಡಳು.

"ನಿನ್ನ ಗಂಡ ಮೊನ್ನೆ ನಮ್ಮನೀಗೆ ಬಂದಿದ್ದ ಕಣವ್ವ. ಹೊತ್ತು ಏರೋ ತನಕ ಕುಂತಿದ್ದ. ನಮ್ಮ ಯಜಮಾನ್ರು ಜೀಪಿನಾಗೆ ಮೈಕು ಹಿಡ್ಕಂಡು ಕೂಗ್ತಿದ್ರಲ್ಲ, ಅವರು ಹೆಂಗೆ ಕೂಗ್ತಿದ್ರು ಅಂತ ಹಂಗಂಗೇ ಕೂಗಿ ತೋರಿಸ್ದ. ನನ್ನ ಮೊಮ್ಮಕ್ಕಳು ಅವರ ತಾತನ ದನೀನೇ ಕೇಳಿರಲಿಲ್ಲ ಕಣವ್ವ." ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆದರೂ ಅಭ್ಯರ್ಥಿಯ ಹೆಂಡತಿಯಲ್ಲವೇ, ತಡೆಯಲಾರದೆ, "ಮತ್ತೆ... ಏನಾದ್ರೂ ಕೇಳಿದ್ರಾ ಅಜ್ಜಿ?" ಎಂದೆ.

"ಹೂಂ, ಇನ್ನೊಂದು ಲೋಟ ಟೀ ಕೇಳ್ದ."

"ವೋಟು?"

ಅಜ್ಜಿ ಕಣ್ಣರಳಿಸಿದಳು. "ಅಯ್ಯೋ ಶಿವನೇ, ಅವನು ಎಲೆಕ್ಷನ್‌ಗೆ ನಿಂತಾನಾ?"

ಸಂಜೆ ಇವರನ್ನು ವಿಚಾರಿಸಿದೆ. ಪಾಪ, ತಲೆ ಕೆರೆದುಕೊಂಡರು. "ಮಾತು ಹಂಗೇ ಬೇರೆ ಕಡೆ ಹೊಳ್ಳಿಬಿಡ್ತೈತೆ ಕಣೇ. ಅವರು ಕಣ್ಣೀರು ಹಾಕ್ಕಂಡು ಕುಂತಿರ್ತಾರೆ, ಅದ್ರಾಗೆ ನಾನು ವೋಟು ಕೇಳಿದ್ರೆ ಚೆಂದ ಇರ್ತೈತಾ?" ಆ ದಿನಗಳಲ್ಲಿ ಅವರು ಬಿಸಿಲಿಗೆ ಕಪ್ಪಾಗಿದ್ದರು, ಆದರೆ ಮುಖ ತುಂಬಿಕೊಂಡಿತ್ತು. ಫೋನು ರಿಂಗಾದರೆ ಓಡುತ್ತಿರಲಿಲ್ಲ. ಬಾಗಿಲಿಗೇ ಜನ ಬರುತ್ತಿದ್ದರು, ನಮ್ಮಪ್ಪನ ಕತೆಯೂ ಒಂದಿದೆ ಎಂದು.

ಮತದಾನದ ದಿನ ನನಗೆ ಹಿರಿಯೂರಿನಲ್ಲಿ ಡ್ಯೂಟಿ. ಹಾಗಾಗಿ ನನ್ನ ಓಟು ಮುಂಚೆಯೇ ಅಂಚೆ ಮತಪತ್ರದಲ್ಲಿ ಹಾಕಬೇಕಾಯಿತು. ಇಷ್ಟು ವರ್ಷ ಬೂತಿನಲ್ಲಿ ಕೂತು ಎಷ್ಟೋ ಜನಕ್ಕೆ ಶಾಯಿ ಹಚ್ಚಿದವಳು ನಾನು, ಆವತ್ತು ಮಾತ್ರ ಯಾವ ಕಾಗದ ಎಲ್ಲಿಗೆ ಎಂದೇ ತಿಳಿಯಲಿಲ್ಲ. ಆ ಫಾರಂ ಈ ಫಾರಂ, ಇಲ್ಲಿ ಸಹಿ ಅಲ್ಲಿ ಸಹಿ. ಮತಪತ್ರದಲ್ಲಿ ಅವರ ಹೆಸರು, ಎದುರಿಗೆ ಹೂಕೋಸು. ನಮ್ಮ ಲಗ್ನಪತ್ರಿಕೆಯ ನಂತರ ಅವರ ಹೆಸರನ್ನು ಅಷ್ಟು ದಪ್ಪಕ್ಷರದಲ್ಲಿ ನೋಡಿದ್ದು ಅದೇ ಮೊದಲು. ಕಣ್ಣು ಮಂಜಾಯಿತು. ಗುರುತು ಹಾಕಿ, ಕವರಿಗೆ ಸೇರಿಸಿ, ಡಬ್ಬಿಗೆ ಹಾಕಿ ಬಂದೆ.

ಎಣಿಕೆಯ ದಿನ ಇವರು ಇಸ್ತ್ರಿ ಅಂಗಿ ತೊಟ್ಟು ಹೋದರು. ಟಿವಿಯಲ್ಲಿ ಗೆದ್ದವರ ಪಟಾಕಿ ತೋರಿಸಿದರು, ಇವರ ಹೆಸರು ಬರಲೇ ಇಲ್ಲ. ಬಂದಾಗ ಏನು ಹೇಳಿ ಸಮಾಧಾನ ಮಾಡಲಿ ಎಂದು ಯೋಚಿಸುತ್ತ ಬಾಗಿಲಲ್ಲೇ ನಿಂತಿದ್ದೆ. ಅವರು ಚಪ್ಪಲಿ ಬಿಡುವಾಗಲೇ ನಗುತ್ತಿದ್ದರು.

"ಸೋತ್ರಾ?"

"ಠೇವಣೀನೂ ಹೋತು."

"ಮತ್ತೆ ಯಾಕೆ ನಗ್ತೀರಿ?"

ಅವರು ಕೂತುಕೊಂಡರು. "ಮೊದ್ಲು ಅಂಚೆ ಮತ ಎಣಿಸಿದ್ರು. ನನಗೆ ಒಂದೇ ಒಂದು ಬಿದ್ದಿತ್ತು. ಅಧಿಕಾರಿ ಅದನ್ನ ಎತ್ತಿ ತೋರಿಸಿ, 'ಇದು ಹೂಕೋಸಿಗೆ ಬಿದ್ದೈತೆ. ಆದ್ರೆ ರೈಟ್ ಮಾರ್ಕ್ ಹಾಕಿ, ಕೆಳಗೆ ಸಹಿ ಮಾಡ್ಯಾರೆ. ಹಾಕಿದೋರು ಯಾರು ಅಂತ ಗೊತ್ತಾಗ್ತೈತೆ, ತಿರಸ್ಕರಿಸ್ತೀವಿ. ತಕರಾರು ಐತಾ?' ಅಂದ್ರು."

ನಾನು ಅಲ್ಲೇ ಗೋಡೆಗೆ ಒರಗಿದೆ. ಉತ್ತರಪತ್ರಿಕೆ ತಿದ್ದಿ ತಿದ್ದಿ, ರೈಟ್ ಹಾಕಿದ ಕೈ ತನ್ನಷ್ಟಕ್ಕೆ ತಾನೇ ಕೆಳಗೊಂದು ಸಹಿ ಗೀಚಿಬಿಟ್ಟಿದೆ. "ನೀವೇನಂದ್ರಿ?"

"ಕಾನೂನು ಕಾನೂನೇ, ತಕರಾರಿಲ್ಲ ಅಂದೆ. ಆದ್ರೆ ಇನ್ನೊಂದ್ಸಲ ತೋರಿಸ್ತೀರಾ ಸಾರ್ ಅಂತ ಕೇಳ್ದೆ. ತೋರಿಸಿದ್ರು." ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡರು. "ಈ ಕ್ಷೇತ್ರದಾಗೆ ಎಷ್ಟು ಜನ ನಿಂತಾರೆ, ಎಷ್ಟು ಜನ ಗೆದ್ದಾರೆ. ಮನೆಯಾಕೆ ನನಗೇ ಹಾಕಿದ್ಲು ಅಂತ ಕಣ್ಣಾರೆ ಕಂಡೋನು ನಾನೊಬ್ಬನೇ ಕಣೇ."

ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಮುಂದಿನ ಚುನಾವಣೆಯ ತರಬೇತಿ ಚಿತ್ರದುರ್ಗದ ಕಾಲೇಜಿನ ಹಾಲ್‌ನಲ್ಲಿ ನಡೆಯಿತು. ಅಂಚೆ ಮತಪತ್ರದ ವಿಷಯ ಬಂದಾಗ ತರಬೇತಿ ಕೊಡುವವರು ಮೈಕು ಸರಿಮಾಡಿಕೊಂಡು, "ಕಳೆದ ಸಲ ನಮ್ಮ ಜಿಲ್ಲೆಯಲ್ಲೇ ಯಾರೋ ಟೀಚರು ಮತಪತ್ರಕ್ಕೆ ರೈಟ್ ಹಾಕಿ ಸಹಿ ಮಾಡಿದ್ರಂತೆ. ಪುಣ್ಯಕ್ಕೆ ಮಾರ್ಕ್ಸ್ ಕೊಟ್ಟಿರಲಿಲ್ಲ!" ಎಂದರು. ಹಾಲ್ ಇಡೀ ಗೊಳ್ಳೆಂದಿತು. ಪಕ್ಕದಲ್ಲಿದ್ದ ಹೊಸದುರ್ಗದ ಟೀಚರು ನನ್ನ ಮೊಣಕೈ ತಿವಿದು, "ಎಂಥೆಂಥೋರು ಇರ್ತಾರೆ ನೋಡ್ರಿ ಮೇಡಂ" ಎಂದರು.

"ಪಾಪ, ಹೊಸಬ್ರಿರಬೇಕು" ಎಂದು ನಾನೂ ನಕ್ಕೆ. ಅಷ್ಟರಲ್ಲಿ ಹಾಜರಿ ಹಾಳೆ ನಮ್ಮ ಸಾಲಿಗೆ ಬಂತು. ಅವರು ನೋಡುತ್ತಿದ್ದ ಹಾಗೆಯೇ ನಾನು ನನ್ನ ಹೆಸರಿನ ಮುಂದೆ ಮೊದಲು ಒಂದು ರೈಟ್ ಹಾಕಿ, ಆಮೇಲೆ ಸಹಿ ಮಾಡಿದ್ದೆ.