ಸುಣ್ಣದ ಮಣ್ಣಿಗೆ ನಾನು ಕಬ್ಬಿಣ ಉಣಿಸಿದ್ದು

ಗುಲಾಬಿ ಗಿಡದ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಇಷ್ಟು ಹೇಳಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಪಿಯು ಹುಡುಗರಿಗೆ ರಸಾಯನಶಾಸ್ತ್ರ ಕಲಿಸುವವನು ನಾನು. ಹೆಂಡತಿಯ ಅರ್ಧ ಎಕರೆ ಗುಲಾಬಿ ನನಗೆ ಯಾವ ಲೆಕ್ಕ!

ಭೇರ್ಯದ ಹತ್ತಿರದ ಆ ಜಮೀನು ಸುಶೀಲೆಗೆ ತವರಿನಿಂದ ಬಂದದ್ದು. ಎಲ್ಲಿ ಅಗೆದರೂ ಸುಣ್ಣದ ಹರಳು. ಅಲ್ಲೇ ಅವಳು ಬಿಳಿ ಗುಲಾಬಿ ಬೆಳೆದು ಕೆ.ಆರ್. ನಗರದ ಹೂವಿನ ವ್ಯಾಪಾರಿ ಇಕ್ಬಾಲ್ ಸಾಬರಿಗೆ ಕೊಡುತ್ತಿದ್ದಳು. ಸಾಬರ ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಹೂವೆಲ್ಲ ನಿಮ್ಮ ತೋಟದ್ದೇ ಆಗಬೇಕು ಎಂದು ಅವರು ಹೇಳಿಹೋಗಿದ್ದರು. ಅಷ್ಟರಲ್ಲಿ ಎಲೆ ಬಣ್ಣಗೆಟ್ಟು, ಮೊಗ್ಗು ಸಣ್ಣಗಾಗತೊಡಗಿತು.

ಕೃಷಿ ಅಧಿಕಾರಿಗೆ ಒಂದು ಎಲೆ ತೋರಿಸಿ ಬನ್ನಿ ಎಂದಳು ಸುಶೀಲ. ನನಗೆ ಮೈ ಉರಿಯಿತು. ಗಂಡ ಮನೆಯಲ್ಲಿರುವಾಗ ಅಧಿಕಾರಿ ಯಾಕೆ?

ಮೊದಲು ಅನ್ನಭೇದಿ ತಂದೆ; ಹಸಿರು ಹರಳಿನಂಥ ಕಬ್ಬಿಣದ ಉಪ್ಪು. ಬೋರ್‌ವೆಲ್ ನೀರಿಗೆ ಕದಡಿ ಬುಡಕ್ಕೆ ಸುರಿದೆ. ಬಕೆಟ್ಟಿನ ತಳದಲ್ಲಿ ಆಗಲೇ ಕಂದು ಗಷ್ಟು ಕೂತಿತ್ತು. ಮಣ್ಣಿಗೆ ಹೋದದ್ದೂ ತುಕ್ಕಾಯಿತು. ಗಿಡ ತುಕ್ಕು ತಿನ್ನುವುದಿಲ್ಲ. ನಾನು ಬೋರ್‌ವೆಲ್ಲಿಗೆ ಬೈದೆ.

ಆಮೇಲೆ ಗೊಬ್ಬರದಂಗಡಿಯಿಂದ ಇಡಿಟಿಎ ಚೀಲೇಟ್ ತಂದೆ. ಸುಶೀಲೆಯನ್ನು ಜಗಲಿಯ ಮೇಲೆ ಕೂರಿಸಿ ಪಾಠವನ್ನೂ ಮಾಡಿದೆ. ಚೀಲೇಟ್ ಎಂದರೆ ಏಡಿ ಇದ್ದ ಹಾಗೆ. ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ತುಕ್ಕಾಗಲು ಬಿಡುವುದಿಲ್ಲ. ನೇರ ಬೇರಿಗೆ ಒಯ್ದು ಒಪ್ಪಿಸುತ್ತದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು.

ಬುಡಬುಡಕ್ಕೂ ಸುರಿದು ಕಾದೆ. ಎಲೆ ಇನ್ನಷ್ಟು ಹಳದಿಯಾಯಿತು. ಸಿಟ್ಟಿಗೆದ್ದು ಎರಡರಷ್ಟು ಸುರಿದೆ. ಈಗ ಎಲೆಯ ಅಂಚು ಸುಡತೊಡಗಿತು. ಸುಶೀಲ ನನ್ನ ಜೊತೆ ಮಾತು ಬಿಟ್ಟಳು.

ತಪ್ಪು ಯಾರದು? ಅಂಗಡಿಯವನದು! ನಕಲಿ ಮಾಲು ಕೊಟ್ಟಿದ್ದಾನೆ ಎಂದು ಪೊಟ್ಟಣ ಹಿಡಿದುಕೊಂಡು ಹೋಗಿ ಕೂಗಾಡಿದೆ. ಮಣ್ಣು ಎಂಥದ್ದು ಎಂದು ಅವನು ಕೇಳಿದ್ದಕ್ಕೆ, ಮಾಲು ಸರಿಯಿಲ್ಲದವನಿಗೆ ಮಣ್ಣಿನ ಮಾತು ಯಾಕೆ ಎಂದು ಜಾಡಿಸಿದೆ. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಜನ ಸೇರಿದಷ್ಟೂ ನನ್ನ ದನಿ ಏರಿತು. ಕೊನೆಗೆ ಅವನನ್ನೂ ಎಳೆದುಕೊಂಡು, ಹೆಂಡತಿ ಹೋಗಿ ಎಂದಾಗ ಹೋಗದಿದ್ದ ಅದೇ ಕೃಷಿ ಅಧಿಕಾರಿಯ ಮುಂದೆ ನಿಂತೆ. ನಾಲ್ಕು ಜನ ಸಾಕ್ಷಿಗೆಂದು ಹಿಂದೆಯೇ ಬಂದರು.

ಅಧಿಕಾರಿ ಮೇಡಂ ನನ್ನ ಮಾತು ಪೂರ್ತಿ ಕೇಳಿದರು. ನನ್ನ ಬೂಟಿಗೆ ಅಂಟಿದ್ದ ಮಣ್ಣನ್ನು ಕೆರೆದು ತಟ್ಟೆಗೆ ಹಾಕಿ, ಅದರ ಮೇಲೆ ಎರಡು ಹನಿ ಆ್ಯಸಿಡ್ ಬಿಟ್ಟರು. ಮಣ್ಣು ಸೋಡಾದಂತೆ ಬುಸುಗುಟ್ಟಿತು.

"ಮಾಲು ಸರಿಯಾಗೇ ಇದೆ ಸಾರ್. ನಿಮ್ದು ಸುಣ್ಣದ ಮಣ್ಣು. ಇಡಿಟಿಎ ಇಲ್ಲಿ ಕಬ್ಬಿಣ ಬಿಟ್ಬುಟ್ಟು ಸುಣ್ಣ ಹಿಡ್ಕೊಳ್ತದೆ. ಬಿಟ್ಟ ಕಬ್ಬಿಣ ಮತ್ತೆ ತುಕ್ಕೇ."

ಸಾಕ್ಷಿಗಳಲ್ಲಿ ಒಬ್ಬ ನಕ್ಕ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಇಡಿಟಿಎಯನ್ನು ತೆಳ್ಳಗೆ ಮಾಡಿ ಎಲೆಗೆ ಸಿಂಪಡಿಸಬಹುದು, ಬುಡಕ್ಕೆ ಹಾಕುವುದಾದರೆ ಇಡಿಡಿಎಚ್‌ಎ ಎಂಬ ಇನ್ನೊಂದು ಚೀಲೇಟ್ ಬೇಕು, ಅದು ಸುಣ್ಣಕ್ಕೆ ಜಗ್ಗುವುದಿಲ್ಲ ಎಂದು ಮೇಡಂ ನಿಧಾನವಾಗಿ ತಿಳಿಸಿದರು. ನನ್ನ ಕಿವಿ ಅವಮಾನಕ್ಕೆ ಗುಂಯ್‌ಗುಡುತ್ತಿತ್ತು. ಎಲೆ, ಬುಡ, ಇದು, ಅದು ಎಲ್ಲ ತಲೆಯಲ್ಲಿ ಕಲಸಿಹೋಯಿತು. ಮತ್ತೊಮ್ಮೆ ಕೇಳಬಹುದಿತ್ತು. ಕೇಳಿದರೆ ಮಾನ ಹೋಗುತ್ತದಲ್ಲ!

ಇಡಿಡಿಎಚ್‌ಎಯ ಹೊಸ ಪೊಟ್ಟಣ ತಂದು ನೀರಿಗೆ ಹಾಕಿದರೆ ಕುಂಕುಮ ಕದಡಿದಂಥ ಕಡುಗೆಂಪು. ಮದುವೆ ಹತ್ತಿರವಾಗಿತ್ತು. ಬೇರಿನಿಂದ ಎಲೆಗೆ ಹತ್ತುವುದು ಯಾವಾಗ? ಸ್ಪ್ರೇಯರ್ ಬೆನ್ನಿಗೇರಿಸಿ ಎಲೆ, ಮೊಗ್ಗು, ಹೂವು ಒಂದನ್ನೂ ಬಿಡದೆ ಹೊಡೆದೆ. ಸ್ಪ್ರೇಯರ್ ಸೋರಿ ನನ್ನ ಬಿಳಿ ಪಂಚೆಗೂ ಪಾಲು ಸಿಕ್ಕಿತು.

ಬುತ್ತಿ ತಂದ ಸುಶೀಲ ಬದುವಿನ ಮೇಲೇ ನಿಂತುಬಿಟ್ಟಳು. ಬಿಳಿ ಗುಲಾಬಿ ತೋಟದ ತುಂಬ ಕೆಂಪು ಕಲೆ. ನಡುವೆ ರಕ್ತದಲ್ಲಿ ಮಿಂದವನ ಹಾಗೆ ನಾನು. ಮೊದಲು ಅವಳು ಹೆದರಿದಳು. ಗಾಯವಾಗಿಲ್ಲ ಎಂದು ಅವಳಿಗೆ ಗೊತ್ತಾದ ಮೇಲೆ ನಾನು ಹೆದರಿದೆ.

"ನಿಮ್ಗೆ ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ಬೇಕು ಕಣ್ರೀ," ಎಂದಳು. "ಆ ಮನುಷ್ಯಂಗೆ ನಾನು ಮಾತು ಕೊಟ್ಟಿದ್ದೆ."

ತೊಳೆದರೂ ಕಲೆ ಪೂರ್ತಿ ಹೋಗಲಿಲ್ಲ. ಸುದ್ದಿ ತಿಳಿದು ಬಂದ ಇಕ್ಬಾಲ್ ಸಾಬರು ಒಂದು ಹೂವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

"ಹೂವು ಮೈಸೂರಿಂದ ತರಿಸ್ತೀನಿ, ಬುಡಿ ಮೇಷ್ಟ್ರೇ. ನೀವಿಬ್ಬರು ಮಾತ್ರ ಬರ್ಬೇಕು," ಎಂದಷ್ಟೇ ಹೇಳಿ ಹೊರಟರು. ಸುಶೀಲ ಗೇಟಿನವರೆಗೂ ಹೋಗಿ ಕಣ್ಣೊರೆಸಿಕೊಂಡು ಬಂದಳು. ಆಗ ಮಾತ್ರ ನನಗೆ ನನ್ನ ಮೇಲೆ ಸಿಟ್ಟು ಬಂತು. ಬೇರೆ ಯಾರೂ ಉಳಿದಿರಲಿಲ್ಲ.

ಮದುವೆಗೆ ಹೋದೆವು. ಊಟ ಚೆನ್ನಾಗಿತ್ತು, ಹೂವೂ ಚೆನ್ನಾಗಿತ್ತು, ಅದೇ ನುಂಗಲಾಗಲಿಲ್ಲ. ಪೊಟ್ಟಣದಲ್ಲಿ ಉಳಿದಿದ್ದ ಕೆಂಪು ಪುಡಿಯನ್ನು ಸುಶೀಲ ಅಧಿಕಾರಿಯನ್ನು ಕೇಳಿಕೊಂಡು ಬಂದು, ಬುಡದ ಮಣ್ಣಿಗೆ ಹಾಕಿ ನೀರು ಕೊಟ್ಟಳು. ಕೆಲವು ವಾರಗಳಲ್ಲಿ ಹೊಸ ಎಲೆಗಳು ಕಡುಹಸಿರಾಗಿ ಬಂದವು. ಸಾಬರು ಮತ್ತೆ ಹೂವು ಒಯ್ಯುತ್ತಿದ್ದಾರೆ.

ತೋಟದಲ್ಲಿ ಈಗ ನನಗಿರುವುದು ಒಂದೇ ಕೆಲಸ, ಮೋಟಾರು ಆನ್ ಮಾಡುವುದು. ಆಫ್ ಮಾಡಲು ಅವಳೇ ಬರುತ್ತಾಳೆ.