ಮೂರು ಫ್ಯಾನಿನ ಕಾರ್ಡೂ ಕಾಜಮ್ಮನ ಒಂದೂವರೆ ಇಂಚೂ

ಮಾಸ್ಟ್ರಿಗೆ ಮೂರನೆಯ ಕೈಯೊಂದಿದ್ದಿದ್ದರೆ ಆ ಭಾನುವಾರ ಏನೂ ಆಗುತ್ತಿರಲಿಲ್ಲ. ಇದ್ದದ್ದು ಎರಡೇ. ಎರಡೂ ಕಂಪ್ಯೂಟರ್ ಡಬ್ಬದೊಳಗೆ ಟೇಪಿನ ಎರಡು ತುದಿ ಹಿಡಿದು ಕೂತಿದ್ದವು. ಟಾರ್ಚು ಗದ್ದಕ್ಕೂ ಎದೆಗೂ ನಡುವೆ ಸಿಕ್ಕಿಕೊಂಡಿತ್ತು. ಹಾಗಾಗಿ ಅಳತೆ ಬರೆದುಕೊಳ್ಳೋಕೆ ಕೆಳಗಿನ ಅಂಗಡಿಯಿಂದ ಕಾಜಮ್ಮನನ್ನು ಕೂಗಬೇಕಾಯಿತು.

ಮಾಸ್ಟ್ರು ಎಂದರೆ ಪಾಠ ಹೇಳುವವರಲ್ಲ, ಟೈಲರ್ ಅಂಗಡಿಯ ಕಟಿಂಗ್ ಮಾಸ್ಟ್ರು. ವಯಸ್ಸು ಮೂವತ್ತೊಂದೇ ಆದರೂ ಹದಿನೆಂಟಕ್ಕೇ ಕತ್ತರಿ ಹಿಡಿದದ್ದರಿಂದ ಹೆತ್ತ ತಾಯಿ ಬಿಟ್ಟರೆ ಮಿಕ್ಕವರೆಲ್ಲ ಅವರನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಅಂಗಡಿ ಕೆಳಗೆ, ಮನೆ ಮೇಲೆ. ಕಾಜಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗುಂಡಿ ತೂರುವ ತೂತಿಗೆ ಕಾಜ ಹಾಕಿ ಗುಂಡಿ ಹೊಲಿಯುತ್ತಿದ್ದ ಹೆಂಗಸು. ಅಳತೆ ಪುಸ್ತಕವೂ ಅವರ ಕೈಯಲ್ಲೇ. ಮಾಸ್ಟ್ರು ಟೇಪು ಹಿಡಿದು ಹೇಳುವುದು, ಕಾಜಮ್ಮ ಬರೆಯುವುದು, ಆಮೇಲೆ ಪುಸ್ತಕ ನೋಡಿ ಮಾಸ್ಟ್ರು ಬಟ್ಟೆ ಕತ್ತರಿಸುವುದು. ಹೇಳಿದ ಅಳತೆಯನ್ನು ಮಾಸ್ಟ್ರು ಆ ಕ್ಷಣವೇ ಮರೆತುಬಿಡುತ್ತಿದ್ದರು. ಊರಿನವರ ಸೊಂಟವನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡರೆ ಮನುಷ್ಯ ನಿದ್ದೆ ಮಾಡುವುದು ಹೇಗೆ?

"ಹನ್ನೊಂದು" ಎಂದರು ಮಾಸ್ಟ್ರು ಡಬ್ಬದೊಳಗಿಂದ.

ಕಾಜಮ್ಮ ಬರೆದು, ಹಾಳೆ ಹರಿದು, ಮಾಸ್ಟ್ರ ಜೇಬಿಗೆ ತುರುಕಿ ಕೆಳಗಿಳಿದರು.

ಈ ಕಂಪ್ಯೂಟರ್ ಬರೋಕೆ ಕಾರಣ ಭಾವ. ಮಾಸ್ಟ್ರ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವರ ಕೆಲಸ. ಅಕ್ಕನ ಮನೆಗೆ ಹೋದಾಗೆಲ್ಲ ಭಾವ ತಮ್ಮ ಕಂಪ್ಯೂಟರಿನಲ್ಲಿ ಕಾರ್ ರೇಸಿನ ಆಟಕ್ಕೆ ಮಾಸ್ಟ್ರನ್ನು ಕೂರಿಸಿ, ಸೋಲಿಸಿ, ನೆಂಟರ ಮುಂದೆ ಭುಜ ತಟ್ಟುತ್ತಿದ್ದರು. ಹೋದ ಸಲವಂತೂ, "ಸೂಜಿಗೆ ದಾರ ಪೋಣಿಸೋ ಕಣ್ಣು ಕಣೋ ನಿಂದು, ಭಾಮೈದ. ಅದು ರೋಡ್ ನೋಡಲ್ಲ" ಎಂದುಬಿಟ್ಟರು. ಮಾಸ್ಟ್ರಿಗೆ ಸೂಜಿಯೇ ಚುಚ್ಚಿದ ಹಾಗಾಯಿತು. ನನ್ನ ಮನೆಗೆ ಬನ್ನಿ, ನನ್ನ ಕಂಪ್ಯೂಟರಿನಲ್ಲಿ ಆಡೋಣ ಎಂದರು. ಸೋತರೆ ವರ್ಷವಿಡೀ ಭಾವನ ಪ್ಯಾಂಟುಗಳನ್ನೆಲ್ಲ ಪುಕ್ಕಟೆ ಹೊಲಿದುಕೊಡಬೇಕು. ಗೆದ್ದರೆ ಭಾವ ನೆಂಟರೆಲ್ಲರ ಮುಂದೆ, ನನಗಿಂತ ನನ್ನ ಭಾಮೈದನೇ ಮೇಲು ಎಂದು ಒಪ್ಪಿಕೊಳ್ಳಬೇಕು. ಮಾಸ್ಟ್ರ ಬಳಿ ಆಗ ಕಂಪ್ಯೂಟರೇ ಇರಲಿಲ್ಲ ಎಂಬುದು ಬೇರೆ ಮಾತು.

ಮೂರು ತಿಂಗಳು ಒಂದೊಂದೇ ಭಾಗ ತಂದು ಜೋಡಿಸಿದರು. ಕಂಪ್ಯೂಟರ್ ಆನ್ ಆಗುತ್ತಿತ್ತು, ಪರದೆ ಬೆಳಗುತ್ತಿತ್ತು, ಆದರೆ ರೇಸಿನ ಆಟ ಹಾಕಿದರೆ ಕಾರು ಹಳೇ ಹೊಲಿಗೆ ಮೆಷಿನ್ನಿನ ಹಾಗೆ ನಾಲ್ಕು ಹೆಜ್ಜೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಬೇಕು ಎಂದರು ಬಲ್ಲವರು. ಪಂದ್ಯ ಇವತ್ತು ಸಂಜೆ ಐದಕ್ಕೆ. ಕಾರ್ಡ್ ಕೊಳ್ಳೋಕೆ ಮಾಸ್ಟ್ರು ಹೊರಟದ್ದು ಇವತ್ತು ಬೆಳಿಗ್ಗೆ ಹತ್ತಕ್ಕೆ.

ಕಂಪ್ಯೂಟರ್ ಅಂಗಡಿಯಲ್ಲಿ ಗೋಡೆ ತುಂಬ ಕಾರ್ಡುಗಳು. ಹೆಸರುಗಳೋ, ರೈಲಿನ ನಂಬರಿನ ಹಾಗೆ ಅಂಕಿಯ ಮೇಲೆ ಅಂಕಿ. ಜೊತೆಗೆ ಪಕ್ಕದ ಮನೆಯ ಬೀಗದ ಮಾಮ ಬೇರೆ. ಬೀಗ ರಿಪೇರಿ ಅವರ ಕಸುಬು, ಕರೆಯದೆ ಬರುವುದು ಅವರ ಅಭ್ಯಾಸ. ಅಂಗಡಿಯವನು ಒಂದೊಂದು ಕಾರ್ಡಿಗೆ ಎಷ್ಟು ಮೆಮೊರಿ, ಎಷ್ಟು ಕರೆಂಟು ಎಂದು ವಿವರಿಸುತ್ತ ಹೋದಂತೆ ಮಾಸ್ಟ್ರು ಬಟ್ಟೆಯ ಹಾಗೆ ಬೆರಳಿನಿಂದ ಉಜ್ಜಿ ನೋಡುತ್ತ ಹೋದರು. ಬೀಗದ ಮಾಮ ಮಾತ್ರ ಫ್ಯಾನು ಎಣಿಸಿದರು. ಬೇಸಿಗೆ ಬರ್ತಿದೆ, ಫ್ಯಾನು ಜಾಸ್ತಿ ಇರೋದನ್ನೇ ತಗೋ ಎಂಬುದು ಅವರ ತೀರ್ಪು.

ಕೊನೆಗೆ ಉಳಿದದ್ದು ಎರಡು. ಎರಡು ಫ್ಯಾನಿನದು, ಗಿಡ್ಡ, ಅಚ್ಚುಕಟ್ಟು. ಮೂರು ಫ್ಯಾನಿನದು, ಉದ್ದ, ಇಟ್ಟಿಗೆಯಂಥದು. ನಿಮಗೆ ಚಿಕ್ಕದೇ ಧಾರಾಳ ಆಯ್ತು ಸಾರ್ ಎಂದು ಅಂಗಡಿಯವನೇ ಪ್ರಾಮಾಣಿಕವಾಗಿ ಹೇಳಿದ. ಮಾಸ್ಟ್ರೂ ತಲೆಯಾಡಿಸಿ ಚಿಕ್ಕದನ್ನು ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಭಾವನ ಫೋನು.

"ಕಾರ್ಡ್ ತಗೊಳ್ತಿದೀಯಂತೆ? ಚಿಕ್ಕದು ತಗೋ ಭಾಮೈದ. ಹೇಗೂ ಸೋಲೋದು ತಾನೆ, ದೊಡ್ಡದು ಯಾಕೆ?"

ಮಾಸ್ಟ್ರು ಚಿಕ್ಕದನ್ನು ಕೆಳಗಿಟ್ಟರು.

ಅಂಗಡಿಯವನು ಎಚ್ಚರಿಸಿದ. ದೊಡ್ಡ ಕಾರ್ಡ್ ಹನ್ನೆರಡು ಇಂಚು ಉದ್ದ, ನಿಮ್ಮ ಕ್ಯಾಬಿನೆಟ್ಟಿನೊಳಗೆ ಜಾಗ ಎಷ್ಟಿದೆ ನೋಡ್ಕೊಳ್ಳಿ, ಸೀಲ್ ಒಡೆದ ಮೇಲೆ ವಾಪಸ್ ಇಲ್ಲ ಎಂದ. ಕಂಪ್ಯೂಟರಿನ ಡಬ್ಬಕ್ಕೆ ಅವನು ಕ್ಯಾಬಿನೆಟ್ ಎನ್ನುತ್ತಿದ್ದ. ಮಾಸ್ಟ್ರು ಗತ್ತಿನಿಂದ ಜೇಬಿನ ಚೀಟಿ ತೆಗೆದರು. ಕಾಜಮ್ಮನ ಮುತ್ತಿನಂಥ ಅಕ್ಷರದಲ್ಲಿತ್ತು: ಹನ್ನೆರಡೂವರೆ.

"ಅರ್ಧ ಇಂಚು ಮಿಗುತ್ತೆ, ಕೊಡಿ" ಎಂದರು ಮಾಸ್ಟ್ರು.

ಮನೆಗೆ ಬಂದು ಸೀಲ್ ಒಡೆದು ಕೂರಿಸಿದರೆ ಕಾರ್ಡ್ ಅರ್ಧ ದಾರಿಯಲ್ಲೇ ನಿಂತಿತು. ಓರೆ ಮಾಡಿದರು, ನೇರ ಮಾಡಿದರು, ಗದರಿಸಿದರು. ಅದು ಮದುವೆ ಮನೆಯ ಸೋಫಾದ ಹಾಗೆ ಯಾವ ಕಡೆಯಿಂದಲೂ ಒಳಗೆ ಹೋಗಲೊಲ್ಲದು. ಮತ್ತೆ ಟೇಪು ಹಿಡಿದು ಅಳೆದರು. ಸರಿಯಾಗಿ ಹನ್ನೊಂದು.

ಕಾಜಮ್ಮ ಮೇಲೆ ಬಂದು ಚೀಟಿ ನೋಡಿ ಕಣ್ಣರಳಿಸಿದರು. ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ಅರ್ಥವೇ ಆಗಲಿಲ್ಲ.

"ನೀವು ಮೈ ಅಳತೆ ಹೇಳ್ತೀರ, ನಾನು ಹೊಲಿಗೆಗೆ ಅಂತ ಒಂದೂವರೆ ಇಂಚು ಸೇರಿಸಿ ಬರೀತೀನಿ. ನಿಮ್ಮಪ್ಪನ ಕಾಲದಿಂದ ಹಾಗೇ ತಾನೆ ಮಾಸ್ಟ್ರೇ? ಡಬ್ಬಕ್ಕೂ ಏನೋ ಗೌಸು ಹೊಲೀತೀರ ಅಂದ್ಕೊಂಡೆ."

ಮಾಸ್ಟ್ರು ತಲೆ ಹಿಡಿದು ಕೂತರು. ಆಮೇಲೆ ಎದ್ದು, ಜೀವಮಾನದಲ್ಲಿ ಮೊದಲ ಸಲ ಕಾಜಮ್ಮನ ಮೇಲೆ ದನಿ ಎತ್ತಿದರು. "ಇನ್ಮೇಲೆ ನಾನು ಎಷ್ಟು ಹೇಳ್ತೀನೋ ಅಷ್ಟೇ ಬರೀಬೇಕು. ಒಂದು ನೂಲೂ ಹೆಚ್ಚಿಗೆ ಬೇಡ."

"ಆಯ್ತಪ್ಪ" ಎಂದರು ಕಾಜಮ್ಮ, ಮುಖ ಸಣ್ಣದು ಮಾಡಿಕೊಂಡು.

ಗಂಟೆ ಎರಡು. ಭಾವನಿಗೆ ಫೋನು ಮಾಡಿ ಮುಂದಕ್ಕೆ ಹಾಕಿದರೆ ಅದೇ ಸೋಲು ಎಂದು ನೆಂಟರಿಗೆಲ್ಲ ಸುದ್ದಿ ಮುಟ್ಟುತ್ತದೆ. ಇಂಥ ಹೊತ್ತಿನಲ್ಲಿ ಬೀಗದ ಮಾಮ ಕರೆಯದೆಯೇ ಗರಗಸ ಹಿಡಿದು ಬಂದರು. ಒಂದಿಂಚು ತಾನೆ, ಡಬ್ಬದ ಮುಂಭಾಗ ಕೊಯ್ದರೆ ಕಾರ್ಡಿನ ಮೂತಿ ಹೊರಗೆ ಬರುತ್ತೆ, ಗಾಳಿಯೂ ಚೆನ್ನಾಗಿ ಆಡುತ್ತೆ ಎಂದರು. ಹೊಸ ಡಬ್ಬ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಮಾಸ್ಟ್ರು ಇನ್ನೂ ಕಿತ್ತಿರಲಿಲ್ಲ. ಮಾಮ ಕೊಯ್ಯುವಾಗ ಬಂದ ಸದ್ದಿಗೆ ಮಾಸ್ಟ್ರು ಕಣ್ಣು ಮುಚ್ಚಿಕೊಂಡರು, ಅವರ ತಾಯಿ ಅಡುಗೆಮನೆಯಿಂದಲೇ, ಮನೆಯಲ್ಲಿ ಯಾರ ಹಲ್ಲು ಕೀಳ್ತಿದೀರೋ ಎಂದು ಕೇಳಿದರು.

ಕಾರ್ಡ್ ಕೂತಿತು. ಅದರ ಮೂತಿ ಡಬ್ಬದಿಂದ ಒಂದಿಂಚು ಹೊರಗೆ, ಪಕ್ಕದ ಮನೆಯ ಜಗಳ ಕೇಳೋಕೆ ಕಿಟಕಿಯಲ್ಲಿ ನಿಂತವರ ಹಾಗೆ, ಇಣುಕುತ್ತಿತ್ತು. ಭಾವ ನೋಡಿದರೆ ಬಿದ್ದು ಬಿದ್ದು ನಗುತ್ತಾರೆ. ಮಾಸ್ಟ್ರು ಕೆಳಗೋಡಿ ಕಪ್ಪು ಮಕಮಲ್ಲಿನ ಚೂರು ತಂದು ಹತ್ತು ನಿಮಿಷದಲ್ಲಿ ಅದಕ್ಕೊಂದು ಟೋಪಿ ಹೊಲಿದರು. ಅಂಚಿಗೆ ಪೈಪಿಂಗು, ಪಕ್ಕದಲ್ಲಿ ಎರಡು ಗುಂಡಿ. ಕಾಜ ಹಾಕಿದ್ದು ಕಾಜಮ್ಮ, ಮುನಿಸಿನಲ್ಲೇ.

ಸ್ವಿಚ್ಚು ಹಾಕಿ ಆಟ ಶುರು ಮಾಡಿದರು. ಕಾರು ನಾಲ್ಕು ಹೆಜ್ಜೆ ಹೋಗಿ ಸಿಕ್ಕಿಹಾಕಿಕೊಂಡಿತು. ಮೊದಲು ಹೇಗಿತ್ತೋ ಹಾಗೇ.

ಬೀಗದ ಮಾಮ ಡಬ್ಬಕ್ಕೊಂದು ತಟ್ಟಿ ನೋಡಿದರು. ಇನ್ನೊಂದು ಕಡೆ ಕೊಯ್ಯಲಾ ಎಂದರು. ಗಂಟೆ ನಾಲ್ಕೂ ಮುಕ್ಕಾಲು. ಕಾಜಮ್ಮ ಮಾತ್ರ ಕನ್ನಡಕ ಏರಿಸಿ ಡಬ್ಬದ ಬೆನ್ನನ್ನೇ ನೋಡುತ್ತ ನಿಂತಿದ್ದರು.

"ಮಾಸ್ಟ್ರೇ, ಟೀವಿಯಿಂದ ಬರೋ ಈ ವೈರು ಹಳೇ ಕಾಜದಲ್ಲೇ ಇದೆಯಲ್ಲ. ಹೊಸ ಕಾರ್ಡಿಗೂ ಅಂಥದ್ದೇ ಒಂದು ಕಾಜ ಇದೆ ಕೆಳಗಡೆ. ಖಾಲಿ ಇದೆ."

ಕಂಪ್ಯೂಟರಿನ ಪರದೆ ಅವರಿಗೆ ಯಾವತ್ತೂ ಟೀವಿಯೇ. ಆದರೆ ಇಪ್ಪತ್ತು ವರ್ಷದಿಂದ ಯಾವ ಗುಂಡಿ ಯಾವ ಕಾಜಕ್ಕೆ ಎಂದೇ ನೋಡಿದ ಕಣ್ಣು ತಪ್ಪಲಿಲ್ಲ. ವೈರನ್ನು ಕಿತ್ತು ಕೆಳಗಿನ ತೂತಿಗೆ ಹಾಕಿದ್ದೇ ತಡ, ಪರದೆಯ ಮೇಲೆ ಬೇರೆಯೇ ಲೋಕ ತೆರೆಯಿತು. ರಸ್ತೆಯ ಮೇಲಿನ ಜಲ್ಲಿ ಎಣಿಸಬಹುದು. ಕಾರಿನ ಬಾನೆಟ್ಟಿನಲ್ಲಿ ಮೋಡ ಹೋಗುವುದು ಕಾಣುತ್ತದೆ. ಮಾಸ್ಟ್ರು ಕಾಜಮ್ಮನಿಗೆ ಕೈ ಮುಗಿಯುವುದರೊಳಗೆ ಮೆಟ್ಟಿಲ ಮೇಲೆ ಭಾವನ ಬೂಟಿನ ಸದ್ದು.

ಭಾವ ಕೈಯಲ್ಲಿ ಬಟ್ಟೆಯ ಚೀಲ ಹಿಡಿದೇ ಬಂದಿದ್ದರು. ಮೊದಲ ಪ್ಯಾಂಟಿನ ಬಟ್ಟೆ. ಮಕಮಲ್ಲಿನ ಟೋಪಿ ನೋಡಿ, ಇದೇನು ಹೊಸ ಮಾಡೆಲ್ಲಾ ಎಂದು ಗಂಭೀರವಾಗಿ ಕೇಳಿದರು. ಹೌದು ಎಂದರು ಮಾಸ್ಟ್ರು, ಅಷ್ಟೇ ಗಂಭೀರವಾಗಿ. ಒಬ್ಬರಾದ ಮೇಲೆ ಒಬ್ಬರು ಒಂದೇ ರಸ್ತೆಯಲ್ಲಿ ಓಡಿಸುವುದು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದರು ಎಂದಾಯಿತು.

ಭಾವ ಮೊದಲು ಕೂತರು. ಕೂತವರ ಕಣ್ಣು ಅಗಲವಾಯಿತು. ಅವರ ಮನೆಯ ಕಂಪ್ಯೂಟರಿನಲ್ಲಿ ರಸ್ತೆಯೆಂದರೆ ಬೂದು ಬಣ್ಣದ ಪಟ್ಟಿ. ಇಲ್ಲಿ ನಿಜವಾದ ರಸ್ತೆ, ನಿಜವಾದ ತಿರುವು, ಪಕ್ಕದಲ್ಲಿ ನಿಂತ ಜನ. ಹದಿನೈದು ವರ್ಷದ ವೃತ್ತಿ ಅವರ ಕೈಕಾಲಿಗೆ ತಾನಾಗಿ ಇಳಿದುಬಿಟ್ಟಿತು. ತಿರುವಿಗೆಲ್ಲ ಬ್ರೇಕ್ ಒತ್ತಿದರು. ಹಿಂದಿನ ಕಾರಿಗೆ ದಾರಿ ಬಿಟ್ಟರು. ಜೀಬ್ರಾ ಪಟ್ಟೆ ಬಂದಾಗ ನಿಲ್ಲಿಸಿಯೇಬಿಟ್ಟರು. ಮುಗಿಸುವ ಹೊತ್ತಿಗೆ ಸರಿಯಾಗಿ ಹನ್ನೊಂದು ನಿಮಿಷ.

ಮಾಸ್ಟ್ರು ಕೂತರು. ಕಾರು ರೇಷ್ಮೆಯ ಮೇಲೆ ಕತ್ತರಿ ಹೋದ ಹಾಗೆ ಹೋಯಿತು. ಏಳನೇ ನಿಮಿಷಕ್ಕೆ ಕೊನೆಯ ತಿರುವು. ಭಾವ ಬೆವರು ಒರೆಸಿಕೊಂಡರು. ತಾಯಿ ಸೌಟು ಹಿಡಿದೇ ಬಾಗಿಲಿಗೆ ಬಂದರು. ಮುಂದೆ ಗೆಲುವಿನ ಗೆರೆ, ಅದರ ಪಕ್ಕದಲ್ಲಿ ಬಾವುಟ ಹಿಡಿದವನೊಬ್ಬ ಕೋಟು ಹಾಕಿಕೊಂಡು ನಿಂತಿದ್ದ.

ಕಾರು ನಿಂತಿತು.

"ಯಾಕೋ ನಿಲ್ಲಿಸ್ದೆ?" ಎಂದರು ತಾಯಿ.

"ಅಮ್ಮಾ, ಅವನ ಎಡಗಡೆ ಭುಜ ನೋಡು. ಅರ್ಧ ಇಂಚು ಇಳಿದಿದೆ. ಕಾಲರಿನ ಹೊಲಿಗೆಯೂ ಸೊಟ್ಟ." ಮಾಸ್ಟ್ರು ಕಾರನ್ನು ಹಿಂದಕ್ಕೆ ತಗೊಂಡರು. ಬಲಗಡೆಯಿಂದ ನೋಡಿದರು. ಬೆನ್ನು ಹೇಗಿದೆ ನೋಡೋಣವೆಂದು ಬಾವುಟದವನ ಸುತ್ತ ಒಂದು ಪ್ರದಕ್ಷಿಣೆ ಹಾಕಲು ಹೋಗಿ ಪಕ್ಕದ ಹಳ್ಳಕ್ಕೆ ಇಳಿಸಿದರು. ಹಳ್ಳದಿಂದ ಮೇಲೆ ಹತ್ತಿ ಗೆರೆ ದಾಟಿದಾಗ ಹನ್ನೊಂದು ನಿಮಿಷ, ನಾಲ್ಕು ಸೆಕೆಂಡು.

ಭಾವ ಬಟ್ಟೆಯ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಈಗಲೇ ಆಗಿಬಿಡಲಿ ಎಂದರು.

ಎಲ್ಲರೂ ಅಂಗಡಿಗೆ ಇಳಿದರು. ಮಾಸ್ಟ್ರು ಹಲ್ಲು ಕಚ್ಚಿಕೊಂಡು ಅಳತೆ ತಗೊಂಡರು, ಸೊಂಟ ಮೂವತ್ತೆಂಟು, ತೊಡೆ ಇಪ್ಪತ್ತಾರು. ಕಾಜಮ್ಮ ಬರೆದುಕೊಂಡರು. ಮಾಸ್ಟ್ರು ಪುಸ್ತಕ ನೋಡಿ, ಹೊಟ್ಟೆಯ ಉರಿಯನ್ನೆಲ್ಲ ಕತ್ತರಿಗೆ ಇಳಿಸಿ ಒಂದೇ ಉಸಿರಿಗೆ ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಹಾಕ್ಕೊಂಡು ನೋಡಿ ಎಂದು ಎಸೆದರು. ಭಾವ ಮೂಲೆಯ ಬಟ್ಟೆ ಪರದೆಯ ಹಿಂದೆ ಹೋದರು. ತುಂಬ ಹೊತ್ತು ಉಸಿರು ಎಳೆದು ತಿಣುಕುವ ಸದ್ದು ಕೇಳಿಸಿತು. ಆಮೇಲೆ ಕುಪ್ಪಳಿಸಿಕೊಂಡು ಹೊರಬಂದರು. ಪ್ಯಾಂಟು ತೊಡೆಯ ಅರ್ಧದಲ್ಲಿ, ಮೂರು ಫ್ಯಾನಿನ ಕಾರ್ಡಿನ ಹಾಗೆ, ನಿಂತುಬಿಟ್ಟಿತ್ತು.

ಮಾಸ್ಟ್ರು ನಿಧಾನಕ್ಕೆ ಕಾಜಮ್ಮನ ಕಡೆ ತಿರುಗಿದರು.

"ನೀವು ಹೇಳಿದಷ್ಟೇ ಬರೆದೆ ಮಾಸ್ಟ್ರೇ" ಎಂದರು ಕಾಜಮ್ಮ. "ಒಂದು ನೂಲೂ ಹೆಚ್ಚಿಗೆ ಇಲ್ಲ."

ಹೊಸ ಬಟ್ಟೆಯನ್ನು ಮಾಸ್ಟ್ರೇ ತಂದು ಮತ್ತೆ ಹೊಲಿಯಬೇಕೆಂದು ಭಾವ ಅಲ್ಲಾಡದೆ ನಿಂತಲ್ಲೇ ತೀರ್ಪು ಕೊಟ್ಟರು. ಅಲ್ಲಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬೀಗದ ಮಾಮ ಭಾವನ ಸುತ್ತ ಒಂದು ಸುತ್ತು ಬಂದು, ಹೊಟ್ಟೆಯನ್ನು ಮುಂದಿನಿಂದಲೂ ಪಕ್ಕದಿಂದಲೂ ಸಮಾಧಾನವಾಗಿ ಪರೀಕ್ಷಿಸಿದರು.

"ಒಂದೂವರೆ ಇಂಚು ತಾನೆ?" ಎಂದರು. "ಗರಗಸ ಮೇಲೇ ಇದೆ, ತರ್ತೀನಿ."